ಪೂಚ್ಚಾಂಡಿ ಕೇಳಿದ ಭಾಷಣ

ಮದ್ರಾಸಿನ ನಮ್ಮ ವಠಾರದಲ್ಲಿ ನಗೋದಕ್ಕೆ ಸಿನಿಮಾಗೆ ಹೋಗಬೇಕಿರಲಿಲ್ಲ, ಬಾಗಿಲಲ್ಲಿ ನಿಂತರೆ ಸಾಕಿತ್ತು. ನಕ್ಕ ಮೇಲೆ ಹೊಟ್ಟೆ ಉರೀತಿತ್ತು, ಅದು ಬೇರೆ ಮಾತು.

೧. ತುತ್ತು

ಎಪ್ಪತ್ತರ ದಶಕದ ಕೊನೆ. ಮೂಲೆ ಕೋಣೆಗೆ ಹೋಟೆಲ್ ಅಡುಗೆಯವನೊಬ್ಬ ಬಂದ. ಬಾಣಲೆಯ ಎಣ್ಣೆ ಸಿಡಿದು ಮುಖದ ಒಂದು ಪಕ್ಕ ಸುಟ್ಟಿತ್ತು. ನಮ್ಮ ಹೆಂಗಸರಿಗೆ ಅಷ್ಟೇ ಸಾಕಾಯ್ತು! "ಉಣ್ಣದಿದ್ರೆ ಪೂಚ್ಚಾಂಡಿ ಹಿಡ್ಕೊಂಡು ಹೋಗ್ತಾನೆ" ಅಂತ ಅವನನ್ನು ತೋರಿಸಿ ಮಕ್ಕಳ ಬಾಯಿಗೆ ಮೊಸರನ್ನ ತುರುಕುತ್ತಿದ್ದರು. ಪೂಚ್ಚಾಂಡಿ ಅಂದರೆ ತಮಿಳು ಗುಮ್ಮ.

ಒಂದು ದಿನ ಅವನು ಎದುರುಮನೆಯಾಕೆಗೆ ಕೈಮುಗಿದ. "ಅಕ್ಕಾ, ನನ್ನ ದೆಸೆಯಿಂದ ವಠಾರದ ಮಕ್ಕಳೆಲ್ಲ ಹೊಟ್ಟೆ ತುಂಬ ಉಣ್ತಿವೆ, ಸಂತೋಷ. ಆದ್ರೆ ನನಗೂ ಒಂದು ಹೆಸರಿದೆ."

ಆಕೆ ದಡಾರನೆ ಬಾಗಿಲು ಹಾಕಿಕೊಂಡು, "ನೋಡಿದ್ಯಾ ಮಗು, ಮಾತೂ ಆಡತ್ತೆ! ಬೇಗ ನುಂಗು!" ಅಂದಳು.

೨. ಬೆಂಚು

ವಠಾರದ ಮಹಡಿಯಲ್ಲಿದ್ದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ವಿಮಾ ಕಚೇರಿಯಲ್ಲಿದ್ದವರು, ಮಹಾ ಓದುಗರು. ಒಂದು ಭಾನುವಾರ ಸಂಘದ ರೂಮಿನಲ್ಲಿ ಹಳೇ ಇಂಗ್ಲಿಷ್ ಭಯಾನಕ ಕಾದಂಬರಿಗಳ ಮೇಲೆ ಅವರ ಭಾಷಣ. "ಈ ಕಾದಂಬರಿಯ ವಿಕಾರ ಜೀವಿ ಯಾಕೆ ಕೊಲೆ ಮಾಡಿತು? ಪ್ರೀತಿಗಾಗಿ ಬಂದಾಗಲೆಲ್ಲ ಜನ ಕಲ್ಲು ಹೊಡೆದು ಅಟ್ಟಿದರು. ತಪ್ಪು ಅದರದ್ದಲ್ಲ ಮಹನೀಯರೇ, ಸಮಾಜದ್ದು!" ಅಂತ ಕಣ್ಣೊರೆಸಿಕೊಂಡರು. ನಾವೂ ಮೂಗೊರೆಸಿಕೊಂಡೆವು.

ಅಷ್ಟರಲ್ಲಿ ಮೂಲೆ ಕೋಣೆಯವನು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಬೆಂಚಿನವರೆಲ್ಲ ಒಟ್ಟಿಗೆ ಎದ್ದರು. ಬೆಂಚು ವಾಲಿ ಅವನು ದೊಪ್ಪೆಂದು ಬಿದ್ದ.

"ಹೊರಗೆ ನಿಂತು ಕೇಳಪ್ಪಾ, ಹೆಂಗಸರು ಮಕ್ಕಳಿದ್ದಾರೆ" ಅಂದರು ಕಾರ್ಯದರ್ಶಿಗಳು.

ಪುಣ್ಯಾತ್ಮ, ಕಿಟಕಿಯಾಚೆ ನಿಂತು ಪೂರ್ತಿ ಕೇಳಿದ. ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ.

೩. ಹಲ್ಲು

ಮರುವಾರ ಕಾರ್ಯದರ್ಶಿಗಳ ಮೊಮ್ಮಗ ಮೆಟ್ಟಿಲ ಮೇಲಿಂದ ಉರುಳಿದ. ಓಡಿ ಹೋಗಿ ಎತ್ತಿಕೊಂಡವನು ಈ ಅಡುಗೆಯವನೇ. ಮಗು ಅಳುತ್ತಿತ್ತು, ಮಂಡಿಯಲ್ಲಿ ರಕ್ತ. ನಮ್ಮವರಿಗೆ ಇನ್ನೇನು ಬೇಕು? "ಅಯ್ಯೋ, ಪೂಚ್ಚಾಂಡಿ ಮಗೂನ ಹಿಡ್ಕೊಂಡ!" ಛತ್ರಿ, ಪೊರಕೆ, ಲಟ್ಟಣಿಗೆ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಅವನು ಮಗುವನ್ನು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಒಂದೇ ಒಂದು ಏಟು ಕೊಟ್ಟ. ಛತ್ರಿ ಬೀಸುತ್ತಿದ್ದ ಕಾರ್ಯದರ್ಶಿಗಳ ಮುಂದಿನ ಹಲ್ಲು ಹೋಯಿತು.

"ಮೃಗ ಅದು, ನಾನು ಅವತ್ತೇ ಹೇಳಿದ್ದೆ" ಅಂದಳು ಎದುರುಮನೆಯಾಕೆ.

ಪೊಲೀಸಿನವರು ಬಂದರು. "ಇವನ ಹೆಸರೇನು?" ಅಂತ ನಮ್ಮನ್ನು ಕೇಳಿದರು. ಒಬ್ಬರಿಗಾದರೂ ಗೊತ್ತಿದ್ದರೆ ತಾನೆ!

"ಯಾಕೋ ಹೊಡೆದೆ?" ಅಂತ ಅವನನ್ನೇ ಗದರಿದರು.

ಅವನು ಕೈಕಟ್ಟಿ ನಿಂತು ಹೇಳಿದ: "ತಪ್ಪು ನಂದಲ್ಲ ಸಾರ್, ಸಮಾಜದ್ದು. ಈ ಯಜಮಾನರೇ ಭಾಷಣದಲ್ಲಿ ಹೇಳಿದ್ರು. ಬೇಕಾದ್ರೆ ಕೇಳಿ."

ಕೇಳಿದರು. ಕಾರ್ಯದರ್ಶಿಗಳು ಬಾಯಿ ತೆರೆದರು, ಬರೀ ಗಾಳಿ ಬಂತು. ಹಲ್ಲಿಲ್ಲದ ಬಾಯಲ್ಲಿ 'ಸಮಾಜ' ಅನ್ನೋ ಮಾತೇ ಹೊರಡಲಿಲ್ಲ.