ಬೀಗರಿಗೆ ಕೊಯಮತ್ತೂರು ತೋರಿಸಿದೆ

ಒಂದೇ ಒಂದು ದಿನ! ಬೆಳಗಿನ ರೈಲಿನಲ್ಲಿ ಬಂದಿಳಿಯುವ ಬೀಗರಿಗೆ ಸಂಜೆಯೊಳಗೆ ಕೊಯಮತ್ತೂರನ್ನು ಹೇಗೆ ತೋರಿಸಬೇಕೆಂದರೆ, ಊರಿಗೆ ಮರಳಿದ ಮೇಲೆ ಆರು ತಿಂಗಳು ಅವರ ಬಾಯಲ್ಲಿ ಬೇರೆ ಮಾತೇ ಬರಬಾರದು! ಹೀಗೆಂದು ನಾನು, ಕೊಯಮತ್ತೂರಿನ ಪಕ್ಕದ ಕರುಮತ್ತಂಪಟ್ಟಿಯ ನಾಲ್ಕು ಪವರ್‌ಲೂಮುಗಳ ಏಕಚಕ್ರಾಧಿಪತಿ ಕರುಪ್ಪುಸಾಮಿ, ಮಗ್ಗದ ಶೆಡ್ಡಿನಲ್ಲಿ ನಿಂತು ಶಪಥ ಮಾಡಿದೆ. ಮಗ್ಗಗಳ ಸದ್ದಿನಲ್ಲಿ ಅದು ನನ್ನ ಹೆಂಡತಿ ರುಕ್ಮಣಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಅಲ್ಲೇ ತಡೆಯುತ್ತಿದ್ದಳು. ಶಪಥವೇನೋ ಅಕ್ಷರಶಃ ನೆರವೇರಿತು. ಬೀಗರು ಇವತ್ತಿಗೂ ಅದೇ ಮಾತಾಡುತ್ತಿದ್ದಾರೆ!

ಬೀಗರು ಎಂದೆನಲ್ಲ, ಆಗಿನ್ನೂ ಆಗಿರಲಿಲ್ಲ. ನಮ್ಮ ಮಗಳು ಇಂದುಜಾ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೇ ಕೆಲಸಕ್ಕಿರುವ ದೊಡ್ಡಬಳ್ಳಾಪುರದ ಹುಡುಗನನ್ನು ಮೆಚ್ಚಿದಳು. ಒಳ್ಳೆಯ ಹುಡುಗ. ಅವರೂ ನಮ್ಮ ಹಾಗೇ ನೇಕಾರರ ಮನೆತನ. ಅವನ ತಂದೆತಾಯಿ ಬಂದು ಮನೆ ನೋಡಿ ಹೂಂ ಅನ್ನುವುದೊಂದೇ ಬಾಕಿ. ತಂದೆ ಚಂದ್ರಶೇಖರಯ್ಯನವರು ನಿವೃತ್ತ ಮೇಷ್ಟ್ರು. ಅದೂ ಕನ್ನಡ ಮೇಷ್ಟ್ರು!

"ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದೀರಿ. ಮನೆಯಲ್ಲಿ ಕನ್ನಡ ಉಳಿದಿದೆಯೇ?" ಎಂದು ಅವರು ಫೋನಿನಲ್ಲಿ ಕೇಳಿದರು.

"ಉಳ್ದದಾ? ನಮ್ಮನೇಲಿ ಕೋಳಿನೂ ಕನ್ನಡದಲ್ಲೇ ಕೂಗ್ತದುಂಗ!" ಎಂದೆ. ಮಾತಿನ ಬಾಲಕ್ಕೆ 'ಉಂಗ' ಅಂಟಿಸುವುದು ನಮ್ಮ ಕಡೆಯ ಮರ್ಯಾದೆ.

"ಸಂತೋಷ. ಓದಲು, ಬರೆಯಲು?"

ಇಲ್ಲಿ ನಾನು 'ಇಲ್ಲ' ಎಂಬ ಎರಡಕ್ಷರ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಓದಿದ್ದು ತಮಿಳು ಶಾಲೆ. ಕನ್ನಡ ನನ್ನ ನಾಲಿಗೆಗೆ ಗೊತ್ತು, ಕಣ್ಣಿಗೆ ಅದರ ಪರಿಚಯವೇ ಇಲ್ಲ. ಆದರೆ ಹೆಣ್ಣಿನ ತಂದೆಯ ಮಾನ ಏನಾಗಬೇಕು!

"ಅದೇನು ಕೇಳ್ತೀರಿ, ನೀರು ಕುಡ್ದಂಗೆ!" ಎಂದುಬಿಟ್ಟೆ.

ಮರುದಿನವೇ ವಾಟ್ಸಾಪಿಗೆ ಮೇಷ್ಟ್ರ ಸಂದೇಶ ಬಂತು. ಗುಂಡು ಗುಂಡಗೆ, ತಟ್ಟೆಯ ತುಂಬ ಜಾಂಗಿರಿ ಜೋಡಿಸಿದ ಹಾಗೆ. ತಲೆಕೆಳಗೆ ಹಿಡಿದು ನೋಡಿದರೂ ಹಾಗೇ ಕಾಣುತ್ತಿತ್ತು. ಗುರುತು ಸಿಕ್ಕಿದ್ದು ಸಾಲುಗಳ ಮುಂದಿದ್ದ 1, 2, 3, 4 ಮಾತ್ರ. ದೇವರ ದಯೆ, ಮೇಷ್ಟ್ರಿಗೆ ಹೊಸದಾಗಿ ಮೊಬೈಲಿನ ಪುಟ್ಟ ಚಿತ್ರಗಳ ಹುಚ್ಚು ಹಿಡಿದಿತ್ತು. ಒಂದರ ಕೊನೆಗೆ ಬೆಟ್ಟ, ಎರಡರ ಕೊನೆಗೆ ದೋಣಿ, ಮೂರರ ಕೊನೆಗೆ ಐಸ್‌ಕ್ರೀಮು, ನಾಲ್ಕರ ಕೊನೆಗೆ ಒಬ್ಬ ಮುದುಕಿ.

"ಏನುಂಗ, ಏನ್ ಬರ್ದವ್ರೆ?" ರುಕ್ಮಣಿ ಇಣುಕಿದಳು.

"ಏನೇನ್ ನೋಡ್ಬೇಕು ಅಂತ ನಂಬರ್ ಹಾಕಿ ಬರ್ದವ್ರೆ. ಮೇಷ್ಟ್ರಲ್ವಾ! ಒಂದು ಮಲೆ, ಎರಡು ಬೋಟು, ಮೂರು ಮಾಲಲ್ಲಿ ಐಸ್‌ಕ್ರೀಮು, ಸಿನಿಮಾ."

"ನಾಲ್ಕು?"

ಮುದುಕಿಯ ಅರ್ಥ ಬಿಡಿಸಲು ನನಗೆ ಒಂದು ಲೋಟ ಕಾಫಿ ಬೇಕಾಯಿತು. ಕೊನೆಗೆ ಹೊಳೆಯಿತು. ಮನೆಯಲ್ಲಿ ವಯಸ್ಸಾದವರ ಕಿರಿಕಿರಿ ಇರಬಾರದಂತೆ! ಎಷ್ಟು ನಯವಾಗಿ ಸೂಚಿಸಿದ್ದಾರೆ!

ಇಂದುಜಾ ಕೈಚಾಚಿದಳು. "ಅಪ್ಪಾ, ಕೊಡು ಇಲ್ಲಿ. ಮೊಬೈಲೇ ಓದಿ ಹೇಳ್ತದೆ."

"ಕನ್ನಡದವನಿಗೆ ಕನ್ನಡ ಓದಿ ಹೇಳಾಕೆ ಮೆಷಿನ್ನಾ? ಥೂ!" ಎಂದು ಗದರಿ, ಮೇಷ್ಟ್ರಿಗೆ ಉತ್ತರವಾಗಿ ಎತ್ತಿದ ಹೆಬ್ಬೆಟ್ಟಿನ ಚಿತ್ರ ಕಳಿಸಿದೆ. ಎಲ್ಲದಕ್ಕೂ ಒಪ್ಪಿಗೆ!

ಆಮೇಲೆ ನನ್ನ ಅವ್ವ ರಾಮಾತಾಳ್ ಹತ್ತಿರ ಹೋದೆ. ಎಂಬತ್ತು ದಾಟಿದ ಜೀವ. "ಅವ್ವಾ, ಬರೋರು ದೊಡ್ಡ ಮೇಷ್ಟ್ರು. ನೀನು ಒಳಗಿನ ಕೋಣೇಲೇ ಇರು. ಬಾಯಿ ತೆರೀಬೇಡ."

"ಯಾಕಪ್ಪಾ, ನನ್ ಬಾಯಿ ನಾರ್ತದಾ?"

"ಅದಲ್ಲ. ನೀನು ಬಂದೋರ್ನೆಲ್ಲ 'ಕೂಳು ಉಂಡ್ರಾ' ಅಂತ ಕೇಳ್ತೀಯಲ್ಲ. ಆ ಕಡೆ ಕೂಳು ಅಂದ್ರೆ ಬಯ್ದಂಗಂತೆ!"

ಅವ್ವ ನೂಲು ಸುತ್ತುವುದನ್ನು ಮುಂದುವರಿಸಿದಳು. ಬಾಗಿಲವರೆಗೆ ಹೋದವನು ಒಮ್ಮೆ ತಿರುಗಿ ನೋಡಿದೆ. ಆದರೆ ಚಕ್ರವರ್ತಿಗಳು ಇಂಥವಕ್ಕೆಲ್ಲ ಕರಗುತ್ತಾರೆಯೇ?

ಆ ದಿನ ಬಂತು. ಇಂದುಜಾಳನ್ನು ಅಡಿಗೆಗೆಂದು ಮನೆಯಲ್ಲಿ ಬಿಟ್ಟು, ನಾನು ಮತ್ತು ರುಕ್ಮಣಿ ಮೈಲ್‌ಸಾಮಿಯ ಬಾಡಿಗೆ ಕಾರಿನಲ್ಲಿ ಸ್ಟೇಷನ್ನಿಗೆ ಹೋದೆವು. ಮೇಷ್ಟ್ರನ್ನೂ ಅವರ ಹೆಂಡತಿ ಗಿರಿಜಮ್ಮನವರನ್ನೂ ಕೂರಿಸಿಕೊಂಡು, ಇಡ್ಲಿ ತಿನ್ನಿಸಿ, ನೇರ ಮರುದಮಲೆ! ಬೆಟ್ಟದ ಮೇಲಿನ ಮುರುಗನ ದೇವಸ್ಥಾನದವರೆಗೆ ರಸ್ತೆಯಿದೆ. ಮೈಲ್‌ಸಾಮಿ ಕಾರನ್ನು ಅತ್ತ ತಿರುಗಿಸಿದ.

"ನಿಲ್ಸಪ್ಪಾ! ಮೆಟ್ಲು ಹತ್ತಿದ್ರೇ ಮುರುಗನ್ ಕಣ್ ಬಿಡೋದು!" ಎಂದು ಎಲ್ಲರನ್ನೂ ಕೆಳಗೇ ಇಳಿಸಿದೆ.

ಮೇಷ್ಟ್ರು ಮೆಟ್ಟಿಲುಗಳನ್ನು ನೋಡಿದರು, ನನ್ನನ್ನು ನೋಡಿದರು. "ಕರುಪ್ಪುಸಾಮಿಯವರೇ, ನಾನು ಬರೆದಿದ್ದೆನಲ್ಲ..."

"ಓದ್ದೆ, ಓದ್ದೆ! ಇದೇ ಒಂದನೇ ನಂಬರು!"

ಅವರು ನಿಟ್ಟುಸಿರು ಬಿಟ್ಟು ಹತ್ತತೊಡಗಿದರು. ಹತ್ತು ಮೆಟ್ಟಿಲಿಗೊಮ್ಮೆ ಕುಳಿತು ದೂರದ ಬೆಟ್ಟಗಳನ್ನೇ ನೋಡುತ್ತಿದ್ದರು.

"ನೋಡ್ದಾ, ಹೆಂಗೆ ಮೈಮರ್ತವ್ರೆ!" ರುಕ್ಮಣಿಯ ಕಿವಿಯಲ್ಲಿ ಹೇಳಿದೆ.

"ಮಂಡಿ ಹಿಡ್ಕೊಂಡು ಯಾರುಂಗ ಮೈ ಮರೀತಾರೆ?"

"ನಿಂಗೆ ರಸಿಕತನವೇ ಇಲ್ಲ."

ಮುಂದೆ ವಾಲಾಂಕುಳಂ ಕೆರೆ. ಪೆಡಲ್ ಬೋಟಿನಲ್ಲಿ ನಾಲ್ವರೂ ಕುಳಿತೆವು. ಮೇಷ್ಟ್ರು ಕಾಲು ಮಡಚಲಾಗದೆ ನೀಡಿಕೊಂಡರು, ಹಾಗಾಗಿ ತುಳಿಯುವ ಭಾಗ್ಯವೆಲ್ಲ ನನ್ನದೇ. ಗಿರಿಜಮ್ಮನವರು ಹತ್ತಿದ ಕ್ಷಣದಿಂದ ಕಣ್ಣು ಮುಚ್ಚಿ "ತಾಯಿ ಚೌಡೇಶ್ವರಿ, ತಾಯಿ ಚೌಡೇಶ್ವರಿ" ಎಂದು ಜಪಿಸತೊಡಗಿದರು. ಎಂಥ ಭಕ್ತಿ, ನೀರಿನ ನಡುವೆಯೂ ಕುಲದೇವತೆಯನ್ನು ಮರೆತಿಲ್ಲ ಎಂದು ನನಗೆ ಹೆಮ್ಮೆಯಾಯಿತು. ಇನ್ನೊಂದು ಸುತ್ತು ಹೊಡೆಸಿದೆ! ಅವರು ಆಸರೆಗೆಂದು ರುಕ್ಮಣಿಯ ಜಡೆ ಹಿಡಿದವರು ದಡಕ್ಕೆ ಬಂದರೂ ಬಿಡಲಿಲ್ಲ. ಕಾರಿನವರೆಗೆ ಇಬ್ಬರೂ ಹಾಗೇ ನಡೆದು ಹೋದರು.

ಮೂರನೆಯದು ಮಾಲ್. ಹೊರಗೆ ಬೇಸಿಗೆ, ಒಳಗೆ ಊಟಿ! ಮೇಷ್ಟ್ರು ಬೇಡ ಬೇಡವೆಂದರೂ ಎರಡುಂಡೆ ಐಸ್‌ಕ್ರೀಮು ತಿನ್ನಿಸಿ ಸಿನಿಮಾಕ್ಕೆ ಕೂರಿಸಿದೆ. ಕಥಾನಾಯಕ ಬಾಯಿ ತೆರೆದಾಗಲೆಲ್ಲ ಮೇಷ್ಟ್ರು ಸೀನಿದರು. ನಾಯಕಿ ಅತ್ತಾಗ ಮೂರು ಸೀನು ಒಟ್ಟಿಗೆ. ಹಿಂದಿನ ಸಾಲಿನಿಂದ ಒಬ್ಬರು ಬಗ್ಗಿ, "ಸಾರ್, ನೀಂಗ ಮುಡಿಚ್ಚ ಪಿರಗು ನಾಂಗ ಪಡಂ ಪಾಕ್ಕಲಾಮಾ?" ಎಂದು ವಿನಯದಿಂದ ಕೇಳಿದರು. ನೀವು ಮುಗಿಸಿದ ಮೇಲೆ ನಾವು ಚಿತ್ರ ನೋಡಬಹುದೇ, ಎಂದು!

ಸಂಜೆ ಕರುಮತ್ತಂಪಟ್ಟಿಯ ಮನೆ ತಲುಪಿದಾಗ ಮೇಷ್ಟ್ರು ಕುಂಟುತ್ತಿದ್ದರು, ಗಿರಿಜಮ್ಮ ನಡುಗುತ್ತಿದ್ದರು, ರುಕ್ಮಣಿ ಕುತ್ತಿಗೆ ನೀವಿಕೊಳ್ಳುತ್ತಿದ್ದಳು. ನಾನೊಬ್ಬನೇ ಗೆದ್ದ ಹುಂಜದ ಹಾಗೆ ಬೀಗುತ್ತಿದ್ದೆ. ಮೇಷ್ಟ್ರು ಮಂಚದ ಮೇಲೆ ಕುಳಿತು ಮೆಲ್ಲಗೆ ಹೇಳಿದರು.

"ನಾಳೆ ಬೆಳಗಿನ ರೈಲಿಗೇ ನಾವು ಹೊರಡುತ್ತೇವೆ. ಸಂಬಂಧದ ಮಾತು ಈಗ ಬೇಡ. ಹೊರಡುವ ಮುಂಚೆ ಒಂದು ಪ್ರಶ್ನೆ. ನನ್ನ ಸಂದೇಶ ಓದಿದಿರಾ?"

ಬಾಗಿಲ ಬಳಿ ನಿಂತಿದ್ದ ಇಂದುಜಾಳ ಮುಖ ಬಾಡಿತು.

"ಓದ್ದೇನೆ ಇರ್ತೀನಾ!"

"ಹಾಗಿದ್ದರೆ ನಾಲ್ಕನೆಯ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ."

"ಓದ್ತಿದ್ದೆ... ಕಣ್ಣಾಡಿ ಎಲ್ಲೋ ಇಟ್ಟೆ..."

ರುಕ್ಮಣಿ ನನ್ನ ತಲೆಯ ಮೇಲಿದ್ದ ಕನ್ನಡಕವನ್ನು ಎಳೆದು ಮೂಗಿನ ಮೇಲೆ ಕೂರಿಸಿದಳು. "ಇಲ್ಲೇ ಅದೆ. ಓದುಂಗ!"

ಜಾಂಗಿರಿಗಳು ನನ್ನನ್ನು ನೋಡಿದವು. ನಾನು ಜಾಂಗಿರಿಗಳನ್ನು ನೋಡಿದೆ. ಇಂದುಜಾ ಫೋನು ಕಸಿದುಕೊಂಡು ಅದೇನೋ ಒತ್ತಿದಳು. ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು, ರೈಲ್ವೆ ಸ್ಟೇಷನ್ನಿನಲ್ಲಿ ಘೋಷಣೆ ಮಾಡುವ ಹಾಗೆ ಶುರುಮಾಡಿದಳು:

"ಒಂದು. ನನ್ನ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ. ದಯವಿಟ್ಟು ಬೆಟ್ಟ, ಮೆಟ್ಟಿಲು ಬೇಡ. ಎರಡು. ನನ್ನಾಕೆಗೆ ನೀರೆಂದರೆ ಭಯ. ದೋಣಿಯ ಮಾತೇ ಬೇಡ. ಮೂರು. ನನಗೆ ಶೀತ ಒಗ್ಗುವುದಿಲ್ಲ. ಐಸ್‌ಕ್ರೀಮು, ಏಸಿ ಬೇಡ. ನಾಲ್ಕು. ತಮ್ಮ ತಾಯಿಯವರ ಜೊತೆ ಕುಳಿತು ಅವರ ಹಳೆಯ ಕನ್ನಡ ಕೇಳಬೇಕು. ನಾವು ಬರುತ್ತಿರುವುದೇ ಅದಕ್ಕೆ."

ನಾನು ಕನ್ನಡಕವನ್ನು ಮೆಲ್ಲಗೆ ಮತ್ತೆ ತಲೆಯ ಮೇಲಕ್ಕೆ ಏರಿಸಿದೆ.

ಗಿರಿಜಮ್ಮ ಮೊದಲು ಮಾತಾಡಿದರು. "ಎಲ್ಲಕ್ಕೂ ಹೆಬ್ಬೆಟ್ಟು ತೋರ್ಸಿ, ಬೇಡ ಅಂದಿದ್ದನ್ನೇ ಮಾಡ್ಸಿದ್ರಲ್ಲ! ಹೆಣ್ಣು ಕೊಡೋ ಮುಂಚೆ ಬೀಗರು ಎಷ್ಟು ಗಟ್ಟಿ ಅಂತ ನೋಡೋದು ನಿಮ್ಮ ಕಡೆ ಶಾಸ್ತ್ರ ಇರ್ಬೇಕು ಅಂತ ಹಲ್ಲು ಕಚ್ಕೊಂಡು ಸುಮ್ನಿದ್ವಿ!"

"ಕನ್ನಡ ಓದಾಕ್ ಬರಲ್ಲ ಸಾಮಿ. ಸುಳ್ಳು ಹೇಳ್ದೆ," ಎಂದೆ. ಮಾತು ಬಾಯಿಂದ ಬಂದಷ್ಟೇ ಬೇಗ ಕಣ್ಣಲ್ಲಿ ನೀರೂ ಬಂತು.

ಮೇಷ್ಟ್ರು ನನ್ನನ್ನೇ ದಿಟ್ಟಿಸಿದರು. "ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಹೆಬ್ಬೆಟ್ಟು ಒತ್ತುವವರನ್ನು ಕಂಡಿದ್ದೆ. ಎತ್ತುವವರನ್ನು ಈಗಲೇ ಕಂಡದ್ದು!" ಎಂದರು.

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ಕಿರ್ರೆಂದಿತು. ಅವ್ವ! ಸೀದಾ ಬಂದು ಮೇಷ್ಟ್ರ ಮುಂದೆ ನಿಂತಳು.

"ಏನ್ ಸಾಮೀ, ಮೊಗ ಹಿಂಗ್ ಬಾಡದೆ? ಕೂಳು ಉಂಡ್ರಾ?"

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಷ್ಟ್ರು ಆ ನೋವಿನ ಮಂಡಿಯಲ್ಲೇ ಎದ್ದು ನಿಂತಿದ್ದರು. "ಅಮ್ಮಾ, ನಮ್ಮಜ್ಜಿ ಹೋದ ಮೇಲೆ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಇಲ್ಲಮ್ಮಾ, ಉಂಡಿಲ್ಲ. ನಿಮ್ಮ ಮಗ ಬರೀ ಐಸ್‌ಕ್ರೀಮು ಹಾಕಿದ!"

ಅವ್ವ ಬಡಿಸಿದಳು, ಮಂಡಿಗೆ ಹರಳೆಣ್ಣೆ ತಿಕ್ಕಿದಳು, ಮಾತಾಡಿದಳು, ಮಾತಾಡಿದಳು. ಮೇಷ್ಟ್ರು ಒಂದೊಂದು ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಬೆಳಗಿನ ರೈಲು ಅವರನ್ನು ಬಿಟ್ಟೇ ಹೋಯಿತು. ಮೂರು ದಿನ ಇದ್ದರು, ಅವ್ವನ ಮಂಚದ ಪಕ್ಕದಿಂದ ಅಲುಗಲಿಲ್ಲ. ಬಾಯಿ ತೆರೀಬೇಡ ಎಂದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ!

ಸಂಬಂಧ ಕುದುರಿತು. ಒಂದೇ ಷರತ್ತು: ಮದುವೆಯ ಕರೆಯೋಲೆ ಹೆಣ್ಣಿನ ತಂದೆಯ ಕೈಬರಹದಲ್ಲಿ, ಕನ್ನಡದಲ್ಲೇ ಇರಬೇಕು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮಗ್ಗದ ಶೆಡ್ಡಿನಲ್ಲಿ ಕುಳಿತು ಅ ಆ ಇ ಈ ತಿದ್ದಿದೆ. ಆ ಸೊಟ್ಟ ಅಕ್ಷರದ ಕರೆಯೋಲೆಯಲ್ಲೇ ಮದುವೆಯೂ ಆಗಿಹೋಯಿತು. ಈ ಬರಹದ ತಪ್ಪುಗಳನ್ನೂ ಮೇಷ್ಟ್ರೇ ತಿದ್ದಿಕೊಟ್ಟಿದ್ದಾರೆ.

ಮೊನ್ನೆ ಬೀಗರಿಂದ ಸಂದೇಶ ಬಂತು. ಯಾರ ನೆರವೂ ಇಲ್ಲದೆ, ಅಕ್ಷರ ಅಕ್ಷರ ಕೂಡಿಸಿ, ಮುಕ್ಕಾಲು ಗಂಟೆಯಲ್ಲಿ ಓದಿ ಮುಗಿಸಿದೆ. 'ಈ ಸಲ ನೀವು ಬನ್ನಿ. ಊರು ತೋರಿಸುತ್ತೇವೆ. ಒಂದು, ನಂದಿ ಬೆಟ್ಟ, ಮೆಟ್ಟಿಲು ಹತ್ತಿಯೇ. ಎರಡು, ದೋಣಿ. ತುಳಿಯುವವರು ನೀವೇ.'

ಓದಿದ್ದೇ ಮಂಡಿ ಚಳಕ್ಕೆಂದಿತು. ಬೆವರು ಒರೆಸಿಕೊಂಡು, ಒತ್ತಕ್ಷರಗಳೊಂದಿಗೆ ಹೋರಾಡಿ, ಉತ್ತರ ಬರೆದೆ: 'ಬೀಗರೇ, ನನಗೂ ಮಂಡಿ ನೋವು. ದಯವಿಟ್ಟು ಬೆಟ್ಟ ಬೇಡ.'

ಮೇಷ್ಟ್ರ ಉತ್ತರ ತಕ್ಷಣ ಬಂತು. ಒಂದಕ್ಷರವೂ ಇರಲಿಲ್ಲ. ಎತ್ತಿದ ಹೆಬ್ಬೆಟ್ಟು!