ಕರಬಸಪ್ಪನ ಹೊಸ ತಳಿ

ಬ್ಯಾಡಗಿಯ ಮೆಣಸಿನಕಾಯಿ ಖರೀದಿದಾರ ಕರಬಸಪ್ಪನ ವಂಶ ಸಾಮಾನ್ಯದ್ದಲ್ಲ. ಮುತ್ತಜ್ಜ ಗುರುಶಾಂತಪ್ಪ ಕಣ್ಣು ಮುಚ್ಚಿ ಮೂಸಿಯೇ ಕಾಯಿ ಯಾವ ಹೊಲದ್ದೆಂದು ಹೇಳುತ್ತಿದ್ದ. ಅಜ್ಜ ಅಂದಾನೆಪ್ಪ ಮೆಣಸಿನಕಾಯಿ ರಾಶಿಯ ಮೇಲೆ ಮಲಗಿ, ಒಮ್ಮೆಯೂ ಸೀನದೆ ಎದ್ದವನು. ಅಪ್ಪನಂತೂ ತನ್ನ ಮದುವೆಗೆಂದು ಅಗಡಿಗೆ ಹೊರಟು, ಹಾವೇರಿಯಲ್ಲಿ ಬಸ್ಸು ಬದಲಿಸುವುದನ್ನು ಮರೆತು, ಅಲ್ಲೇ ಬೇರೆ ಯಾರದೋ ಮದುವೆಯಲ್ಲಿ ಉಂಡು ಬಂದ ಧೀರ. ಇವರಲ್ಲಿ ಒಬ್ಬನೂ ಗುಳಿಗೆ ನುಂಗಿದವನಲ್ಲ.

ಗುಳಿಗೆಯ ಚೀಟಿ ಬಂದದ್ದು ಐವತ್ತೆರಡರ ಕರಬಸಪ್ಪನಿಗೆ. ಒಂದೇ ವರ್ಷದಲ್ಲಿ ಎರಡು ಮೊಬೈಲು, ಒಂದು ಸ್ಕೂಟರು ಎಲ್ಲೆಲ್ಲೋ ಬಿಟ್ಟು ಬಂದವನನ್ನು ಹೆಂಡತಿ ಸೋಮವ್ವ ರಾಣೆಬೆನ್ನೂರಿನ ಮನೋವೈದ್ಯರ ಮುಂದೆ ಕೂರಿಸಿದಳು. ಅವರು ಎಲ್ಲ ಕೇಳಿ, ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಚಿಕ್ಕಂದಿನಿಂದಲೂ ಇದೆ, ಗಮನ ನಿಲ್ಲದಿರುವುದು ಸೋಮಾರಿತನವಲ್ಲ ಎಂದರು. ಮೂವತ್ತು ವರ್ಷ ಅದನ್ನೇ ಹೇಳಿ ಬೈದಿದ್ದ ಸೋಮವ್ವ ಕಣ್ಣೊರೆಸಿಕೊಂಡಳು. ಗುಳಿಗೆ ತಗೊಂಡು ನೋಡಬಹುದು, ನಿರ್ಧಾರ ನಿಮ್ಮದು ಎಂದು ಡಾಕ್ಟರು ಚೀಟಿ ಕೊಟ್ಟರು.

ಎಂಟು ದಿನ ಚೀಟಿ ಜೇಬಿನಲ್ಲೇ ಇತ್ತು. ಸೋಮವಾರ, ಪೇಟೆಯ ದಿನ, ಕರಬಸಪ್ಪ ರಾಶಿಗಳನ್ನೆಲ್ಲ ನೋಡಿ, ಮನಸ್ಸಿಗೆ ಬಂದ ಒಂದಕ್ಕೆ ದರ ಹಾಕಿ ಟೆಂಡರ್ ಚೀಟಿ ಬರೆದು, ಅದೇ ಜೇಬಿಗೆ ತುರುಕಿಕೊಂಡು ಚಹಾಕ್ಕೆ ಮನೆಗೆ ಬಂದ. ಸೋಮವ್ವ ಗುಳಿಗೆಯ ಮಾತು ತೆಗೆದದ್ದೇ ತಡ, ಜೇಬಿನಿಂದ ಚೀಟಿ ಎಳೆದು ಪರ್ರನೆ ಹರಿದು ಬಚ್ಚಲಿಗೆ ಎಸೆದ.

“ನಮ್ಮ ವಂಶದಾಗ ಮರವು ಅನ್ನೂದ ಇಲ್ಲ. ಇವತ್ತಿನ ರಾಶಿ ಹಿಡದ ತೋರಸ್ತೇನಿ. ತಪ್ಪಿದ್ರ ನಾಳಿಂದನ ಗುಳಿಗಿ ನುಂಗ್ತೇನಿ, ಆತಿಲ್ಲ?”

ಪೇಟೆಗೆ ಮರಳಿ, ಜೇಬಿನಲ್ಲಿ ಉಳಿದ ಚೀಟಿಯನ್ನು ಟೆಂಡರ್ ಪೆಟ್ಟಿಗೆಗೆ ಹಾಕಿ, ಮೀಸೆ ತಿರುವುತ್ತ ನಿಂತ. ಪೆಟ್ಟಿಗೆ ತೆರೆದು ದರ ಓದುತ್ತಿದ್ದ ಗುಮಾಸ್ತ ಮಕ್ತುಮಸಾಬ ನಡುವೆ ತಡೆದು, ಕನ್ನಡಕ ಒರೆಸಿಕೊಂಡ.

“ಕರಬಸಪ್ಪಣ್ಣಾರ, ಮ್ಯಾಲ ನಿಮ್ಮ ಹೆಸರ ಐತಿ. ಮೂವತ್ತು ಚೀಲ ಅಂದೀರಿ, ಸರಿ. ದರ ನೂರು ಹಾಕೀರಿ, ಅದೂ ನಿಮ್ಮ ಖುಷಿ. ಆದ್ರ ತಳಿ ಡಬ್ಬೀನೂ ಅಲ್ಲ, ಕಡ್ಡೀನೂ ಅಲ್ಲ, ಇಂಗ್ಲೀಷಿನ್ಯಾಗ ಏನೋ ಬರದೀರಿ. ಈ ಕಾಯಿ ಯಾವ ಊರಾಗ ಬೆಳೀತಾರ್ರಿ?”

ಪಕ್ಕದಲ್ಲಿ ನಿಂತಿದ್ದ ಖರೀದಿದಾರ, ಸಕ್ಕರೆ ಕಾಯಿಲೆಗೆ ದಿನಾ ಗುಳಿಗೆ ನುಂಗುವ ಇಸ್ಮಾಯಿಲಸಾಬ ಇಣುಕಿ ನೋಡಿದ. ಅದು ನೂರಲ್ಲ, ಒಂದು-ಸೊನ್ನೆ-ಸೊನ್ನೆ. ಮುಂಜಾನೆ ಒಂದು ಗುಳಿಗೆ, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ, ಹೀಗೆ ಮೂವತ್ತು ದಿನ ಎಂದು ಸಾವಕಾಶ ಬಿಡಿಸಿ ಹೇಳಿದ. ನಕ್ಕವರ ಗಂಟಲಿಗೆ ಘಾಟು ಹೊಕ್ಕು ಇಡೀ ಪೇಟೆ ಕೆಮ್ಮಿತು. ಬಚ್ಚಲು ಸೇರಿದ್ದು ಯಾವ ಚೀಟಿಯೆಂದು ತಿಳಿದ ಮೇಲೆ ಕರಬಸಪ್ಪನೂ ಹೊಟ್ಟೆ ಹಿಡಿದು ನಕ್ಕ. ರಾಶಿ ಎದುರಂಗಡಿಯವನ ಪಾಲಾಯಿತು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಕ್ತುಮಸಾಬ ಮರಳಿಸಿದ ಚೀಟಿ ತೋರಿಸಿ ಸಂಜೆಯೇ ಗುಳಿಗೆ ತಂದ. ಸೋಮವ್ವನಿಗೆ ಹಿಗ್ಗೋ ಹಿಗ್ಗು. ದಿನಾ ಮುಂಜಾನೆ ತಾನೇ ನೆನಪು ಮಾಡಿ ಕೊಡುತ್ತೇನೆಂದಳು. ಕರಬಸಪ್ಪ ಕೈ ಅಡ್ಡ ಹಿಡಿದ.

“ಬ್ಯಾಡ ಸೋಮವ್ವಾ. ನೀ ನೆನಪ ಮಾಡಾಕ ಹತ್ತಿದ್ರ, ಕೆಲಸ ಮಾಡಾಕತ್ತಿದ್ದು ಗುಳಿಗಿಯೋ ನೀನೋ, ಡಾಕ್ಟರಿಗೆ ಹೆಂಗ ಗೊತ್ತಾಗಬೇಕು?”