ಕ್ಲಚ್ ಹಿಡಿಯ ಸಡಿಲವನ್ನು ಹಿಂದಿರುಗಿಸುವ ಕುರಿತು

ಅಧಿಕೃತ ಬೈಕ್ ಸೇವಾ ಕೇಂದ್ರದ ಮುಖ್ಯ ದೋಷತಜ್ಞರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಬಿಳಿ ಕೈಗವಸುಗಳಿಗೂ, 'ಮುಖ್ಯ ದೋಷತಜ್ಞ' ಎಂದು ಬರೆಸಿಕೊಂಡು ಸದಾ ತಮಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ತಮ್ಮ ಎದೆಯ ಬಿಲ್ಲೆಗೂ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ; ತಮ್ಮಲ್ಲಿ ಯಾವ ದೋಷವೂ ಪತ್ತೆಯಾಗುವ ಸಂಭವವಿಲ್ಲ, ಏಕೆಂದರೆ ಅದನ್ನು ಪತ್ತೆ ಮಾಡಬೇಕಾದವರೂ ತಾವೇ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಹೆಚ್ಚು ಓದಿದವಳಲ್ಲ. ಕೆಲಸದಿಂದ ಬಂದ ಮೇಲೆ ನನ್ನ ಪಾಡಿಗೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಬಿಟ್ಟರೆ ಬರವಣಿಗೆಗೂ ನನಗೂ ಸಂಬಂಧವಿಲ್ಲ. ಆದರೆ ತಾವು ನನ್ನ ಗಂಡನ ಬಗ್ಗೆ ಒಂದು ಸಾಲು ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವರು ಇಲ್ಲದಿರುವುದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ತಮ್ಮ ಕೇಂದ್ರದ ಸಲಹಾ ಪೆಟ್ಟಿಗೆಗೇ ಹಾಕೋಣವೆಂದು ಬಂದಿದ್ದೆ, ಆದರೆ ಅದರಲ್ಲಿ ತಮ್ಮವರು ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನು ತುಂಬಿಸಿಟ್ಟಿದ್ದನ್ನು ಕಂಡು, ಅವುಗಳ ನೆಮ್ಮದಿ ಕೆಡಿಸಬಾರದೆಂದು ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ಬರೆದದ್ದು ತಮಗೆ ಮರೆತಿರಬಹುದು. ದಿನಕ್ಕೆ ಅದೆಷ್ಟು ಜನರ ಕೈಕಾಲುಗಳಲ್ಲಿ ದೋಷ ಹುಡುಕಬೇಕೋ. ನಮ್ಮ ಮಣ್ಣುಹಾದಿಯ ಬೈಕಿನ ತಪಾಸಣಾ ವರದಿಯಲ್ಲಿ ಹೀಗಿದೆ: 'ಕ್ಲಚ್ ಪ್ಲೇಟುಗಳು ಸುಟ್ಟಿವೆ. ಕಾರಣ, ಸವಾರರ ಎಡಗೈ ದೋಷ. ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಓಡಿಸುವ ದುರಭ್ಯಾಸ. ತಿದ್ದಿಕೊಳ್ಳುವಂತೆ ಸವಾರರಿಗೆ ಖುದ್ದಾಗಿ ತಿಳಿಸಲಾಗಿದೆ.' ಸವಾರರು ಎಂಬಲ್ಲಿ ನನ್ನ ಗಂಡನ ಹೆಸರಿದೆ. ನನ್ನ ಗಂಡ ಕಳೆದ ಚಳಿಗಾಲದಲ್ಲಿ, ಕೆಲಸಕ್ಕೆ ಹೊರಡಲೆಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತ, ಒಂದು ಕಾಲಿನ ಲೇಸು ಕಟ್ಟಿ ಇನ್ನೊಂದನ್ನು ಕಟ್ಟದೆ, ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಬೈಕು ತಮ್ಮ ಕೇಂದ್ರದ ಹೊಸ್ತಿಲು ಕಂಡದ್ದು ಬೇಸಿಗೆಯಲ್ಲಿ. ಆದ್ದರಿಂದ, ಮಾನ್ಯರೇ, ತಾವು ಅವರಿಗೆ ಖುದ್ದಾಗಿ ತಿಳಿಸಿದಿರಿ ಎಂಬುದನ್ನು ಓದಿ ನನಗೆ ಎಂತಹ ಸಂತೋಷವಾಯಿತೆಂದು ಹೇಳಲಾರೆ. ಎಲ್ಲಿ ಸಿಕ್ಕಿದರು? ಚೆನ್ನಾಗಿದ್ದಾರೆಯೇ? ಆ ಇನ್ನೊಂದು ಲೇಸು ಕಟ್ಟಿಕೊಂಡಿದ್ದಾರೆಯೇ? ಮುಂದಿನ ಸಲ ಭೇಟಿಯಾದಾಗ ಅಂಗಳದ ಗೇಟು ಇನ್ನೂ ಕೆಳಗೆ ಜಗ್ಗುತ್ತಿದೆ, ಎತ್ತಿಯೇ ತೆರೆಯಬೇಕು ಎಂದು ದಯಮಾಡಿ ತಿಳಿಸಿ.

ಅವರು ನೀರು ಸರಬರಾಜು ಕಚೇರಿಯಲ್ಲಿ ಕೊಳವೆ ಮಾರ್ಗ ನೋಡಿಕೊಳ್ಳುತ್ತಿದ್ದವರು. ಗುಡ್ಡದ ಮೇಲಿನ ತೊಟ್ಟಿಯಿಂದ ಊರಿನವರೆಗೆ ಕೊಳವೆಯ ಪಕ್ಕದಲ್ಲೇ ಹೋಗುವ ಮಣ್ಣುದಾರಿಯಲ್ಲಿ ದಿನವೂ ಆ ಬೈಕಿನಲ್ಲಿ ಹತ್ತಿ ಇಳಿಯುತ್ತಿದ್ದರು. ಎಡಚರು. ಬರೆಯುವುದು, ಗಡ್ಡ ಹೆರೆಯುವುದು, ಮಗಳು ಸೈಕಲ್ ಕಲಿಯುವಾಗ ಹಿಂದಿನಿಂದ ಸೀಟು ಹಿಡಿದು ಓಡಿದ್ದು, ಎಲ್ಲವೂ ಎಡಗೈಯಲ್ಲೇ. ತಾವು ದೋಷ ಕಂಡುಹಿಡಿದದ್ದು ಆ ಕೈಯಲ್ಲಿ.

ಅವರು ಹೋದ ಮೇಲೆ ಬೈಕು ಕೊಟ್ಟಿಗೆಯ ಮೂಲೆಯಲ್ಲಿ ಚಾದರ ಹೊದ್ದು ನಿಂತಿತ್ತು. ಮಗಳು ಅಪ್ಪನ ಕೆಲಸಕ್ಕೇ ಅರ್ಜಿ ಹಾಕಿದಳು. ಅರ್ಜಿ ಹಾಕಿದವರು ತಮ್ಮ ಸ್ವಂತ ವಾಹನದಲ್ಲಿ ಅಧಿಕಾರಿಗಳ ಕಣ್ಣೆದುರು ಕೊಳವೆ ದಾರಿಯನ್ನು ಮೇಲಿನ ತೊಟ್ಟಿಯವರೆಗೆ ಹತ್ತಿ ತೋರಿಸಬೇಕು. ನಡುವೆ ನಿಂತರೆ ಮನೆಗೆ. ಹಾಗಾಗಿ ಬೈಕನ್ನು ತಳ್ಳಿಕೊಂಡು ತಮ್ಮಲ್ಲಿಗೆ ತಂದೆವು, ನಾನು, ಮಗಳು ಮತ್ತು ನನ್ನ ನಾದಿನಿ. ನಾದಿನಿ ಬಸ್ಸು ಓಡಿಸುವವಳು. ಅವಳ ದನಿಯನ್ನು ತಾವು ಮರೆತಿರಲಾರಿರಿ.

ಆ ದಿನದ ತಮ್ಮ ಪಾಂಡಿತ್ಯ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ತಾವು ಕಂಪ್ಯೂಟರಿನ ವೈರು ಹಿಡಿದು ಬೈಕಿನ ಸುತ್ತ ಪ್ರದಕ್ಷಿಣೆ ಹಾಕಿದಿರಿ. ಅದು ಹಳೆಯ ಬೈಕು, ವೈರು ಸಿಕ್ಕಿಸುವ ಜಾಗವೇ ಇಲ್ಲವೆಂದು ತಿಳಿದಾಗ, ನಾಡಿಯೇ ಇಲ್ಲದ ರೋಗಿಯನ್ನು ನೋಡಿದ ವೈದ್ಯರಂತೆ ಅದರ ಮೇಲೆ ಬೇಸರಪಟ್ಟಿರಿ. ಆಮೇಲೆ ಕಿಕ್ ಹೊಡೆದಿರಿ. ಒದ್ದಿರಿ, ಒರೆಸಿಕೊಂಡಿರಿ, ಮತ್ತೆ ಒದ್ದಿರಿ. ಕೊನೆಗೆ ಕೈಗವಸು ಬಿಚ್ಚಿ, "ಎಂಜಿನ್ ಒಳಗೆ ಪೂರ್ತಿ ಸವೆದು ಹೋಗಿದೆ ಮೇಡಂ, ಬಿಚ್ಚಲೇಬೇಕು" ಎಂದು ತೀರ್ಪು ಕೊಟ್ಟಿರಿ. ನಾದಿನಿ, "ಸರ್, ಬಿಚ್ಚೋದಕ್ಕೆ ಮುಂಚೆ ಪೆಟ್ರೋಲ್ ಕಾಕ್ ತಿರುಗಿಸ್ತೀರಾ? ನಮ್ಮಣ್ಣ ಗಾಡಿ ನಿಲ್ಲಿಸಿದ ಕೂಡ್ಲೇ ಮುಚ್ಚಿಬಿಡೋನು" ಎಂದಳು. ಬೈಕಿನ ಮೇಲೆ ನನ್ನ ಗಂಡನ ಕೈ ಮಾಡಿದ ಕಡೆಯ ಕೆಲಸ ಅದು, ಮುಚ್ಚಿದ್ದು. ತಾವು ತಿರುಗಿಸಿದಿರಿ. ಟ್ಯಾಂಕಿನಲ್ಲಿದ್ದ ಹಳಸಿದ ಪೆಟ್ರೋಲು ಚೆಲ್ಲಿ ಹೊಸದು ಹಾಕಿ, ಧೂಳು ತುಂಬಿದ ಏರ್ ಫಿಲ್ಟರ್ ತೊಳೆದು ಹಾಕಿದ ಮೇಲೆ, ಒಳಗೆ ಪೂರ್ತಿ ಸವೆದು ಹೋಗಿದ್ದ ಆ ಎಂಜಿನ್ನು ಒಂದೆರಡು ಸಲ ಕೆಮ್ಮಿ, ಒಂದಿಷ್ಟು ಹೊಗೆ ಬಿಟ್ಟು, ಯಾರ ಹಂಗೂ ಇಲ್ಲದಂತೆ ಓಡತೊಡಗಿತು. ಇಷ್ಟು ಬೇಗ ಗುಣ ಮಾಡುವ ವೈದ್ಯರು ಸಿಗುವುದಾದರೆ ನಮ್ಮ ಆಸ್ಪತ್ರೆಯಲ್ಲಿ ಒಗೆಯಲು ಬಟ್ಟೆಯೇ ಇರುತ್ತಿರಲಿಲ್ಲ.

ನಾದಿನಿ ಬಸ್ಸಿಗೆ ಹೊತ್ತಾಯಿತೆಂದು ಹೋದಳು. ತಾವು ಕಾಯುತ್ತಿದ್ದದ್ದು ಅದನ್ನೇ ಇರಬೇಕು. ಎಡಗಡೆಯ ಕ್ಲಚ್ ಹಿಡಿಯನ್ನು ಬೆರಳಿನಿಂದ ಅಲ್ಲಾಡಿಸಿ, ಅದು ಟಿಕ್ ಟಿಕ್ ಎಂದಾಗ ಹುಳ ಬಿದ್ದ ಹಣ್ಣು ಕಂಡವರ ಹಾಗೆ ಮುಖ ಮಾಡಿ, "ಅಯ್ಯೋ, ಎಷ್ಟು ಲೂಸ್ ಬಿಟ್ಕೊಂಡಿದ್ದಾರೆ!" ಎಂದು ಹಿಡಿಯ ಬುಡದ ಗುಂಡು ನಟ್ಟನ್ನು ತಿರುಗಿಸಿ ತಿರುಗಿಸಿ ಕೇಬಲ್ಲನ್ನು ಎಳೆದು ಕಟ್ಟಿದಿರಿ. ಹಿಡಿ ಸದ್ದಿಲ್ಲದೆ ನೆಟ್ಟಗೆ ನಿಂತಿತು. "ಈಗ ನೋಡಿ, ಹೊಸ ಗಾಡಿ ಹಾಗೆ!" ಎಂದಿರಿ. ಬಿಲ್ಲೆ ನೋಡಿ ನಾವೂ ತಲೆಯಾಡಿಸಿದೆವು.

ಅದೇ ವಾರ ಮಗಳು ಅಭ್ಯಾಸಕ್ಕೆಂದು ಕೊಳವೆ ದಾರಿಗೆ ಹೋದಳು. ಅರ್ಧ ಏರು ಹತ್ತುವಷ್ಟರಲ್ಲಿ ಎಂಜಿನ್ನು ಮಾತ್ರ ಕಿರುಚಿಕೊಂಡಿತು, ಚಕ್ರ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬಂತು. ತಳ್ಳಿಕೊಂಡು ಬಂದಳು. ಮತ್ತೆ ತಮ್ಮ ಸನ್ನಿಧಿಗೇ ತಂದೆವು. ತಾವು ಪ್ಲೇಟು ಬಿಚ್ಚಿ ಮೂಸಿ ನೋಡಿ, "ಗಾಡಿ ಸುಳ್ಳು ಹೇಳಲ್ಲ ಮೇಡಂ. ಸವಾರರ ಕೈಯೇ ಸರಿ ಇಲ್ಲ" ಎಂದಿರಿ. "ಅವರು ಇಲ್ಲ ಸರ್" ಎಂದೆ. "ಬಂದ ಮೇಲೆ ಹೇಳಿ" ಎಂದಿರಿ. ಇದೇ ಆ ಖುದ್ದಾಗಿ ತಿಳಿಸಿದ್ದು. ಹೊಸ ಪ್ಲೇಟು ಹಾಕಿ, ಕೇಬಲ್ಲನ್ನು ಮೊದಲಿನ ಹಾಗೇ ಎಳೆದು ಕಟ್ಟಿ, ವರದಿಯನ್ನು ನನ್ನ ಕೈಗಿಟ್ಟು, ಮುಂದಿನ ಗಿರಾಕಿಯ ಅದೃಷ್ಟ ನೋಡಲು ಹೋದಿರಿ.

ಮನೆಗೆ ಬಂದು ಮಗಳು ವರದಿ ಓದಿದಳು. ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿದಳು. "ಓಡಿಸಿದ್ದು ನಾನಲ್ವಾ ಅಮ್ಮ? ಕಲಿಸಿದ್ದು ಅಪ್ಪ. ಇಬ್ಬರ ಕೈಯೂ ಸರಿ ಇಲ್ಲ ಅಂತ ಆಯ್ತಲ್ಲ. ನಾನು ಪರೀಕ್ಷೆಗೆ ಹೋಗಲ್ಲ" ಎಂದಳು. ಅವಳಿಗೆ ಕ್ಲಚ್ ಕಲಿಸುವಾಗ ಅಂಗಳದಲ್ಲಿ ಅವರು ಕೂಗುತ್ತಿದ್ದುದು ಬೀದಿಗೆಲ್ಲ ಕೇಳುತ್ತಿತ್ತು: "ಹಿಡಿದ್ರೆ ಪೂರ್ತಿ ಹಿಡಿ ಕಣೇ, ಬಿಟ್ರೆ ಪೂರ್ತಿ ಬಿಡು! ಅರ್ಧಂಬರ್ಧ ಹಿಡ್ಕೊಂಡ್ರೆ ಒಳಗೆ ಸುಡುತ್ತೆ!" ಅಂತಹವರ ಮೇಲೆ ತಮ್ಮ ಆರೋಪ ಅದೇ, ಅರ್ಧಂಬರ್ಧ ಹಿಡಿದದ್ದು. ಸತ್ತವರು ಎದುರು ಮಾತಾಡುವುದಿಲ್ಲ ಎಂಬ ಅನುಕೂಲವನ್ನು ತಾವು ಉಪಯೋಗಿಸಿಕೊಂಡ ಬಗೆಗೆ ಯಾರಾದರೂ ಒಂದು ಶಾಲು ಹೊದಿಸಲೇಬೇಕು.

ಮಾರನೆಯ ದಿನ ಬೈಕನ್ನು ಅಂಗಳದಿಂದ ಕೊಟ್ಟಿಗೆಗೆ ತಳ್ಳುವಾಗ ನನಗೆ ಏನೋ ಇಲ್ಲ ಅನ್ನಿಸಿತು. ಆ ಬೈಕಿಗೆ ಹಾರ್ನ್ ಇಲ್ಲ. ಸಂಜೆ ಅವರು ಗೇಟಿನ ಹೊರಗೆ ಎಂಜಿನ್ನು ಆರಿಸಿ, ಎಡಗೈ ಬೆರಳಿನಿಂದ ಕ್ಲಚ್ ಹಿಡಿಯನ್ನು ಟಿಕ್ ಟಿಕ್ ಎಂದು ತಟ್ಟುತ್ತಿದ್ದರು. ನಾನು ಹೋಗಿ ಗೇಟು ಎತ್ತಿ ತೆರೆಯುತ್ತಿದ್ದೆ. ಮದುವೆಯಾದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕೂಗಿದ್ದಕ್ಕಿಂತ ಆ ಹಿಡಿ ತಟ್ಟಿ ಕರೆದದ್ದೇ ಹೆಚ್ಚು. ಈಗ ನಾನು ತಟ್ಟಿ ನೋಡಿದೆ. ಸದ್ದಿಲ್ಲ. ಮತ್ತೆ ತಟ್ಟಿದೆ. ಕಲ್ಲು ತಟ್ಟಿದ ಹಾಗಿತ್ತು.

ನಾದಿನಿಗೆ ಹೇಳಿದೆ. ಅವಳು ಬಸ್ಸಿನ ಸಮವಸ್ತ್ರದಲ್ಲೇ ಬಂದು ಹಿಡಿ ಅಲ್ಲಾಡಿಸಿ, ಬಗ್ಗಿ ಕೇಬಲ್ಲನ್ನು ಬೆರಳಿನಿಂದ ಮೀಟಿ ನೋಡಿದಳು. ಆಮೇಲೆ ಸಿಡಿದಳು. "ಅತ್ತಿಗೆ, ಹಿಡಿ ಬಿಟ್ಟಾಗ ಕೇಬಲ್ ಸ್ವಲ್ಪ ಲೂಸ್ ಇರ್ಲೇಬೇಕು. ಹೀಗೆ ಎಳ್ದು ಕಟ್ಟಿದ್ರೆ ಯಾರೂ ಹಿಡೀದಿದ್ರೂ ಯಾರೋ ಹಗಲೂ ರಾತ್ರಿ ಅರ್ಧ ಹಿಡ್ಕೊಂಡೇ ಇದ್ದ ಹಾಗೆ. ಪ್ಲೇಟ್ ಜಾರುತ್ತೆ, ಸುಡುತ್ತೆ. ಅಣ್ಣ ಸ್ವಲ್ಪ ಲೂಸು, ಅವನ ಕ್ಲಚ್ಚೂ ಸ್ವಲ್ಪ ಲೂಸು, ಅದಕ್ಕೇ ಎರಡೂ ಚೆನ್ನಾಗಿ ಓಡ್ತಿದ್ವು!" ಎಂದಳು. ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಹಾಗಾದ್ರೆ ನನ್ನ ಕೈ?" ಎಂದಳು. "ನಿನ್ನ ಕೈಗೇನಾಗಿದೆ ಧಾಡಿ? ಬಂದು ನಟ್ಟು ತಿರುಗಿಸು" ಎಂದಳು ನಾದಿನಿ.

ಆದ್ದರಿಂದ, ಮಾನ್ಯರೇ, ತಮ್ಮ ವರದಿಯನ್ನು ನಾನು ಸುಳ್ಳೆನ್ನಲಾರೆ. ಕ್ಲಚ್ಚನ್ನು ಯಾರೋ ಅರ್ಧ ಹಿಡಿದಿದ್ದದ್ದು ನಿಜ. ಮಗಳು ಬೈಕು ಹತ್ತುವ ಮೊದಲೂ ಹಿಡಿದಿದ್ದರು, ಇಳಿದ ಮೇಲೂ ಹಿಡಿದಿದ್ದರು, ಬೈಕು ಕೊಟ್ಟಿಗೆಯಲ್ಲಿ ಮಲಗಿದ್ದಾಗಲೂ ಬಿಟ್ಟಿರಲಿಲ್ಲ. ಆ ಕೈ ಬಿಳಿ ಕೈಗವಸು ಹಾಕಿತ್ತು. ಮನೆಗೆ ಬಾರದೆ, ಬೈಕು ಮುಟ್ಟದೆ, ಗುಡ್ಡದ ಏರಿನಲ್ಲಿ ನನ್ನ ಮಗಳ ಕ್ಲಚ್ಚನ್ನು ಅಷ್ಟು ದೂರದಿಂದ ಹಿಡಿದುಕೊಂಡ ತಮ್ಮ ಶಕ್ತಿಗೆ ಶರಣು.

ಈಗ ನನ್ನ ವಿನಂತಿಗಳು. ವರದಿಯಲ್ಲಿ 'ಸವಾರರ ಎಡಗೈ' ಎಂಬುದನ್ನು ಹೊಡೆದುಹಾಕಿ, ಕೈ ಯಾರದೋ ಅವರ ಹುದ್ದೆಯನ್ನು ಬರೆದು, ತಿದ್ದಿಕೊಳ್ಳಲು ಅವರಿಗೆ ಖುದ್ದಾಗಿ ತಿಳಿಸಿ. ಕನ್ನಡಿಯ ಮುಂದೆ ನಿಂತರೆ ಸಾಕು, ಓಡಾಟ ತಪ್ಪುತ್ತದೆ. ಎರಡನೆಯದು, ಆ ದಿನ ತಾವು ಹಿಡಿಯಿಂದ ತೆಗೆದ ಸಡಿಲವನ್ನು ನಮಗೆ ಹಿಂದಿರುಗಿಸಬೇಕು. ಹಳೆಯ ಬಿಡಿಭಾಗಗಳನ್ನು ಗಿರಾಕಿಗೆ ಮರಳಿಸಲಾಗುವುದು ಎಂದು ತಮ್ಮ ಗೋಡೆಯ ಮೇಲೆಯೇ ಬರೆದಿದೆ. ಸುಟ್ಟ ಪ್ಲೇಟುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಿರಿ, ಸಡಿಲವನ್ನು ಕೊಡಲಿಲ್ಲ. ಅದು ನನ್ನ ಗಂಡನ ಬೆರಳಿಗೆ ತಕ್ಕಂತೆ ಅವರೇ ಇಟ್ಟುಕೊಂಡದ್ದು. ಅವರ ಅಂಗಿಗಳನ್ನು ಒಗೆದಿದ್ದೇನೆ, ಅವುಗಳಲ್ಲಿ ಈಗ ಸೋಪಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಅವರ ಕೈಯ ಅಳತೆ ಉಳಿದಿದ್ದದ್ದು ಅಲ್ಲೊಂದೇ ಕಡೆ. ತಾವು ಅದನ್ನು ದೋಷವೆಂದು ಪತ್ತೆ ಮಾಡಿ ಸರಿಪಡಿಸಿದಿರಿ. ಪೊಟ್ಟಣ ಕಟ್ಟಿ ಕಳಿಸಿದರೆ ಅಂಚೆಯವರಿಂದ ರುಜು ಹಾಕಿ ಪಡೆಯುತ್ತೇನೆ.

ತಾವು ಕಳಿಸುವವರೆಗೆ ಕಾಯಲು ಪರೀಕ್ಷೆಯವರು ಬಿಡಲಿಲ್ಲ. ಮಗಳು ನಟ್ಟು ತಿರುಗಿಸುತ್ತ ಹೋದಳು, ನಾನು ಗೇಟಿನ ಬಳಿ, ದಿನವೂ ನಿಲ್ಲುತ್ತಿದ್ದ ಜಾಗದಲ್ಲೇ, ಬೈಕಿಗೆ ಬೆನ್ನು ಹಾಕಿ ನಿಂತು ಕೇಳಿದೆ. ನಾದಿನಿ ಹಿಡಿ ತಟ್ಟುವಳು, ನಾನು ಇನ್ನೂ ಇಲ್ಲ ಎನ್ನುವೆನು. ಒಮ್ಮೆ ಅತಿಯಾಗಿ ಗಡಗಡ ಎಂದಿತು, ಹಿಂದೆ ತಿರುಗಿಸಿದರು. ಮತ್ತೊಮ್ಮೆ ತಟ್ಟಿದಾಗ ನಾನು ತಿರುಗಿ ನೋಡದೆ ಗೇಟು ಎತ್ತಿ ತೆರೆದುಬಿಟ್ಟಿದ್ದೆ. "ಸಾಕು ಕಣೇ, ಬಿಡು" ಎಂದಳು ನಾದಿನಿ ಮಗಳಿಗೆ.

ನಿನ್ನೆ ಪರೀಕ್ಷೆಯಾಯಿತು. ಎಂಜಿನ್ನು ಕಿರುಚಲಿಲ್ಲ, ವಾಸನೆ ಬರಲಿಲ್ಲ, ಅರ್ಧ ಏರಿನಲ್ಲಿ ಬೈಕು ನಿಲ್ಲಲಿಲ್ಲ. ತೊಟ್ಟಿಯ ಬಳಿ ಕೊಡೆಯ ಕೆಳಗೆ ಕೂತಿದ್ದ ಅಧಿಕಾರಿಯೊಬ್ಬರು, "ಈ ಕೈ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ" ಎಂದರಂತೆ. ಇದನ್ನು ಮಗಳು ಹೇಳಿದ್ದು ಆಮೇಲೆ. ಅದಕ್ಕೆ ಮೊದಲು, ನಾನು ಒಳಗೆ ಮನೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ, ಗೇಟಿನ ಹೊರಗೆ ಎಂಜಿನ್ನು ಆರಿತು. ಆಮೇಲೆ ಟಿಕ್ ಟಿಕ್ ಎಂದಿತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಹೋದೆನಂತೆ. ಹಾಸಿಗೆಯ ಬಟ್ಟೆಯೊಂದು ಸುಟ್ಟಿದೆ. ಕಾರಣವನ್ನು ತಾವು ಪತ್ತೆ ಮಾಡಬೇಕಾಗಿಲ್ಲ.

ಇತಿ, ಈಚೆಗೆ ವಿಶ್ವಾಸದಲ್ಲೂ ಸ್ವಲ್ಪ ಸಡಿಲ ಉಳಿಸಿಕೊಂಡಿರುವ

ತಮ್ಮ ವಿಶ್ವಾಸಿ,
ದೋಷಪೂರ್ಣ ಎಡಗೈಯವರ ಹೆಂಡತಿ

ಮರೆತಿದ್ದು: ತಮ್ಮ ಕಚೇರಿಯ ಹುಡುಗಿ ಇವತ್ತು ಬೆಳಿಗ್ಗೆ ಫೋನ್ ಮಾಡಿ, "ಸರ್ ಇದ್ದಾರಾ? ಗಾಡಿ ಸರ್ವೀಸಿಗೆ ಬಿಡೋದಿದೆ" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಸರ್ ಇಲ್ಲ, ಆದರೆ ಅವರ ಕೈ ಈಗ ರಿಪೇರಿಯಾಗಿ ಮನೆಗೆ ಬಂದಿದೆ ಎಂದು ತಿಳಿಸಿದ್ದೇನೆ. ಬೈಕನ್ನು ತಮ್ಮಲ್ಲಿಗೆ ಕಳಿಸುವುದಿಲ್ಲ. ಬದಲಿಗೆ ತಾವೇ ಒಮ್ಮೆ ಗುಡ್ಡದ ದಾರಿಗೆ ಬನ್ನಿ, ನಡೆದುಕೊಂಡು ಬಂದರೆ ಒಳ್ಳೆಯದು. ಅರ್ಧ ಏರಿನಲ್ಲಿ ತಾವು ನಿಂತುಬಿಟ್ಟರೆ ಮೂಸಿ ನೋಡಿ ವರದಿ ಬರೆದುಕೊಡಲು ನನ್ನ ನಾದಿನಿ ಸಿದ್ಧಳಿದ್ದಾಳೆ.